ಬಿಸಿಲಲ್ಲೇ ಯುವಿ ಇದೆ ಅಂದಮೇಲೆ, ನಕ್ಷತ್ರದ ಯುವಿ ನೋಡೋಕೆ ಬಾಹ್ಯಾಕಾಶಕ್ಕೇ ಯಾಕೆ ಹೋಗಬೇಕು?

ಕೋಟೆನಾಡು:

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ನನ್ನದಲ್ಲ, ಎಂಟನೇ ಕ್ಲಾಸಿನ ಮಗಳದ್ದು. ಆದರೆ ಮೂರು ದಿನದಿಂದ ನನ್ನ ತಲೆ ತಿನ್ನುತ್ತಿದೆ.

ನಾವಿರುವುದು ಚಿತ್ರದುರ್ಗದ ಕಡೆ. ಮನೆ ಹಿಂದೆ ಹಳೇ ಕಲ್ಲಿನ ಗೋಡೆ, ಅದರ ಸಂದಿಯಲ್ಲೆಲ್ಲ ಚೇಳು. ಯಾರೋ ಹೇಳಿದರು ಅಂತ ಒಂದು ಯುವಿ (ಅತಿನೇರಳೆ ಬೆಳಕಿನ) ಟಾರ್ಚ್ ತರಿಸಿದೆ. ರಾತ್ರಿ ಗೋಡೆ ಮೇಲೆ ಬಿಟ್ಟರೆ ಚೇಳು ಇದ್ದಲ್ಲೆಲ್ಲ ಹಸಿರು ಹಸಿರಾಗಿ ಹೊಳೆಯುತ್ತದೆ, ನೋಡದಿದ್ದವರು ಒಮ್ಮೆ ನೋಡಬೇಕು. ಮಗಳು ಟಾರ್ಚನ್ನು ಹಾಗೇ ಮೇಲಕ್ಕೆತ್ತಿ "ಅಪ್ಪ, ನಕ್ಷತ್ರದಿಂದಲೂ ಈ ಬೆಳಕು ಬರುತ್ತಾ?" ಅಂದಳು. ಬರುತ್ತೆ ಅಂದೆ. "ಮತ್ತೆ ನಮಗ್ಯಾಕೆ ಕಾಣಲ್ಲ?" ಕಣ್ಣಿಗೆ ಆ ಶಕ್ತಿ ಇಲ್ಲ ಅಂದೆ. "ಕ್ಯಾಮೆರಾಗೆ?" ಅಲ್ಲಿಗೆ ನನ್ನ ಸರಕು ಮುಗಿಯಿತು.

ಮಾರನೇ ದಿನ ಪೇಟೆಗೆ ಹೋದವನು ಕ್ಯಾಮೆರಾ ಅಂಗಡಿಯಲ್ಲಿ "ಯುವಿ ಫಿಲ್ಟರ್ ಕೊಡಿ" ಅಂತ ಕೇಳಿ ತಂದೆ. ಎರಡು ರಾತ್ರಿ ತಾರಸಿ ಮೇಲೆ ಚಳಿಯಲ್ಲಿ ಕೂತು ಫೋಟೋ ತೆಗೆದೆವು. ಫಿಲ್ಟರ್ ಹಾಕಿದರೂ ಅಷ್ಟೇ, ತೆಗೆದರೂ ಅಷ್ಟೇ. ಆಮೇಲೆ ಅಕ್ಕನ ಮಗ ಬಂದು ಬಿದ್ದು ಬಿದ್ದು ನಕ್ಕ. ಆ ಫಿಲ್ಟರ್ ಇರುವುದು ಯುವಿಯನ್ನು ತಡೆಯೋಕಂತೆ, ಒಳಗೆ ಬಿಡೋಕಲ್ಲ. ನಗಬೇಡಿ, ಆಗಲೇ ಮನೆಯವರೆಲ್ಲ ನಕ್ಕಾಗಿದೆ.

ಸರಿ, ಸ್ವಲ್ಪ ಓದೋಣ ಅಂತ ಕೂತರೆ ನಮ್ಮ ದೇಶದ ಖಗೋಳ ಉಪಗ್ರಹ ಆಸ್ಟ್ರೋಸ್ಯಾಟ್ ಸಿಕ್ಕಿತು. 2015ರ ಸೆಪ್ಟೆಂಬರ್ 28ಕ್ಕೆ ಶ್ರೀಹರಿಕೋಟಾದಿಂದ ಹೋಗಿದೆ, ಅದರಲ್ಲಿ ಯುವಿಟ್ ಅಂತ ಒಂದು ಅತಿನೇರಳೆ ದೂರದರ್ಶಕ ಇದೆ. ಅತಿನೇರಳೆಯನ್ನು ಭೂಮಿಯಿಂದ ನೋಡೋಕಾಗಲ್ಲ, ಮೇಲೆ ಹೋಗಲೇಬೇಕು ಅಂತ ಬರೆದಿದ್ದಾರೆ. ಇದನ್ನು ಓದಿ ಹೇಳಿದ್ದೇ ತಡ, ಮಗಳು ತಿರುಗಿಬಿದ್ದಳು. "ಬಿಸಿಲಲ್ಲಿ ಯುವಿ ಇರುತ್ತೆ ಅಂತ ನೀನೇ ಟೋಪಿ ಹಾಕಿಸ್ತೀಯಲ್ಲ. ಸೂರ್ಯನದು ಕೆಳಗೆ ಬರುತ್ತೆ, ನಕ್ಷತ್ರದ್ದು ಮಾತ್ರ ಯಾಕೆ ಬರಲ್ಲ?"

ಇದಕ್ಕೆ ಯಾರಾದರೂ ಸರಿಯಾದ ಉತ್ತರ ಹೇಳಿ. ಜೊತೆಗೆ ನನ್ನದೂ ಒಂದು ಇರಲಿ. ಯುವಿಟ್‌ನ ಕನ್ನಡಿ 37.5 ಸೆಂ.ಮೀ. ಅಂತೆ, ಹಬಲ್ ಬಾಹ್ಯಾಕಾಶ ದೂರದರ್ಶಕದ್ದು 2.4 ಮೀಟರ್. ಅಷ್ಟು ದೊಡ್ಡದು ಮೇಲಿದ್ದಾಗ ಈ ಪುಟಾಣಿಯಿಂದ ಏನು ಕಾಣುತ್ತದೆ?

---

ತಾರಸಿ ದೂರದರ್ಶಕ:

ಸರ್, ಮೊದಲು ಮಗಳಿಗೆ ಹೇಳಿ, ಅವಳು ಹೇಳಿದ್ದು ಸರಿ. "ಯುವಿ ಕೆಳಗೆ ಬರಲ್ಲ" ಅಂತ ಬರೆದವರು ಅರ್ಧ ಮಾತು ಬರೆದಿದ್ದಾರೆ.

ಯುವಿ ಅನ್ನುವುದು ಒಂದೇ ಬಣ್ಣ ಅಲ್ಲ. ಬೆಳಕನ್ನು ಅದರ ಅಲೆಯ ಉದ್ದದಿಂದ (ತರಂಗಾಂತರ) ಅಳೆಯುತ್ತಾರೆ. ನಮ್ಮ ಕಣ್ಣಿನ ಎಲ್ಲೆ ನೇರಳೆಯಲ್ಲಿ, ಸುಮಾರು 400 ನ್ಯಾನೋಮೀಟರಿಗೆ ಮುಗಿಯುತ್ತದೆ. ಅಲ್ಲಿಂದ 315ರವರೆಗಿನದು ಹೆಚ್ಚು ಕಡಿಮೆ ಪೂರ್ತಿ ನೆಲಕ್ಕೆ ಬರುತ್ತದೆ. 315ರಿಂದ 280ರವರೆಗಿನದನ್ನು ಓಝೋನ್ ಬಹುಪಾಲು ನುಂಗಿಬಿಡುತ್ತದೆ, ಉಳಿದು ಬಂದ ಚೂರೇ ಚರ್ಮ ಸುಡುವುದು. 280ಕ್ಕಿಂತ ಕೆಳಗಿನದು? ಸೊನ್ನೆ. ಸೂರ್ಯನದೂ ಬರಲ್ಲ, ನಕ್ಷತ್ರದ್ದೂ ಬರಲ್ಲ, ಬಂದಿದ್ದರೆ ನಾವ್ಯಾರೂ ಇಲ್ಲಿ ಕೂತು ಹರಟುತ್ತಿರಲಿಲ್ಲ.

ನಿಮ್ಮ ಟಾರ್ಚಿನ ಮೇಲೆ ನೋಡಿ, 395 ಅಂತಲೋ 365 ಅಂತಲೋ ಇರುತ್ತದೆ. ಅಂದರೆ ಯುವಿಯ ಹೊಸ್ತಿಲಲ್ಲೇ ನಿಂತಿದೆ ಅದು. ಆ ಹೊಸ್ತಿಲ ಭಾಗವನ್ನು ನೆಲದ ಮೇಲಿನ ದೂರದರ್ಶಕಗಳೂ ನೋಡುತ್ತವೆ, ಅದಕ್ಕೆಂದೇ ಬೇರೆ ಫಿಲ್ಟರ್ ಇದೆ. ಯುವಿಟ್ ನೋಡುವುದು ಮನೆಯೊಳಗಿನದನ್ನು. ಅದರಲ್ಲಿ ಎರಡು ಅವಳಿ ದೂರದರ್ಶಕ. ಒಂದು ಪೂರ್ತಿ ದೂರ ಅತಿನೇರಳೆಗೆ, 130ರಿಂದ 180 ನ್ಯಾನೋಮೀಟರ್. ಇನ್ನೊಂದರ ಬೆಳಕನ್ನು ಎರಡಾಗಿ ಸೀಳಿ 200ರಿಂದ 300ರ ಹತ್ತಿರದ ಅತಿನೇರಳೆಗೆ ಒಂದು, 320ರಿಂದ 550ರವರೆಗೆ ಮಾಮೂಲಿ ಬೆಳಕಿಗೆ ಇನ್ನೊಂದು ಕ್ಯಾಮೆರಾ.

ಅಷ್ಟು ಕಷ್ಟಪಟ್ಟು ಅದನ್ನೇ ಯಾಕೆ ನೋಡಬೇಕು ಅಂದರೆ, ಅಲ್ಲಿ ಆಕಾಶವೇ ಬೇರೆ. ಈಗ ಸಂಜೆ ಮೇಲೆ ಮಗಳಿಗೆ ಮಹಾವ್ಯಾಧ (ಓರಿಯನ್) ನಕ್ಷತ್ರಪುಂಜ ತೋರಿಸಿ. ಒಂದು ಮೂಲೆಯಲ್ಲಿ ಕೆಂಪಗೆ ಆರ್ದ್ರಾ, ಎದುರು ಮೂಲೆಯಲ್ಲಿ ಬಿಳಿ-ನೀಲಿ ರೀಗಲ್, ನಡುವೆ ಸೊಂಟಪಟ್ಟಿಯ ಮೂರು. ನಮ್ಮ ಕಣ್ಣಿಗೆ ಆರ್ದ್ರಾ ಭಾರೀ ನಕ್ಷತ್ರ, ಅದರ ಹೆಸರಲ್ಲಿ ಒಂದು ಮಳೆಯೇ ಇದೆ. ಆದರೆ ಅದರ ಮೈ ಬಿಸಿ ಸುಮಾರು 3,500 ಡಿಗ್ರಿ ಮಾತ್ರ. ರೀಗಲ್‌ದು 12,000. ದೂರ ಅತಿನೇರಳೆಯಲ್ಲಿ ಮಹಾವ್ಯಾಧನ ಚಿತ್ರ ತೆಗೆದರೆ ರೀಗಲ್ ಮತ್ತು ಸೊಂಟಪಟ್ಟಿ ಧಗಧಗ ಉರಿಯುತ್ತವೆ, ಆರ್ದ್ರಾ ಇದ್ದ ಜಾಗ ಖಾಲಿ ಖಾಲಿ. ಭುಜ ಒಂದು ಕಿತ್ತುಹೋದ ಹಾಗೆ ಕಾಣುತ್ತದೆ.

ಬಿಸಿ ಜಾಸ್ತಿ ಇರುವ ದೊಡ್ಡ ನಕ್ಷತ್ರಗಳು ಬೇಗ ಸಾಯುತ್ತವೆ, ಕೆಲವು ದಶಲಕ್ಷ ಅಥವಾ ಕೆಲವು ಕೋಟಿ ವರ್ಷ ಅಷ್ಟೇ. ಹಾಗಾಗಿ ಒಂದು ಗ್ಯಾಲಕ್ಸಿಯಲ್ಲಿ ಎಲ್ಲಿ ಯುವಿ ಹೊಳೆಯುತ್ತದೋ ಅಲ್ಲಿ ಹೊಸ ನಕ್ಷತ್ರ ಹುಟ್ಟಿ ಬಹಳ ಕಾಲ ಆಗಿಲ್ಲ ಅಂತ ಅರ್ಥ. ಬಾಣಂತಿ ಇರುವ ಮನೆ ಮುಂದೆ ಬಟ್ಟೆ ಒಣಗಿಹಾಕಿದ್ದು ನೋಡಿದರೆ ಗೊತ್ತಾಗುತ್ತದಲ್ಲ, ಹಾಗೆ.

---

ಅನುಮಾನಿ:

ಒಳ್ಳೆ ವಿವರಣೆ. ಆದರೆ ಕೋಟೆನಾಡು ಅವರ ಎರಡನೇ ಪ್ರಶ್ನೆಗೆ ಯಾರೂ ಕೈ ಹಾಕಿಲ್ಲ. ಹಾಕಲ್ಲ ಅಂತ ಗೊತ್ತಿತ್ತು. 37.5 ಸೆಂ.ಮೀ. ಕನ್ನಡಿ ಅಂದರೆ ಹವ್ಯಾಸಿಗಳ ಹತ್ತಿರವೇ ಅದಕ್ಕಿಂತ ದೊಡ್ಡದಿದೆ. ಸುಮ್ನೆ "ನಮ್ಮ ಹೆಮ್ಮೆ" ಅಂತ ಹೇಳಿ ಮುಗಿಸಬೇಡಿ.

ಇನ್ನೊಂದು. ಗಾಳಿ ಅಡ್ಡ ಅಂದರೆ ಎತ್ತರಕ್ಕೆ ಹೋಗಬಹುದಲ್ಲ? ಲಡಾಖಿನ ಹಾನ್ಲೆಯಲ್ಲಿ 4,500 ಮೀಟರ್ ಎತ್ತರದಲ್ಲಿ ದೂರದರ್ಶಕ ಇಟ್ಟಿದ್ದೇವೆ. ಅಲ್ಲಿಂದ ನೋಡಿದರೆ ರಾಕೆಟ್ ಖರ್ಚು ಉಳಿಯುತ್ತಿರಲಿಲ್ಲವೇ? ಬಲೂನು?

---

ತಾರಸಿ ದೂರದರ್ಶಕ:

ಹಾನ್ಲೆ ನಾಲ್ಕೂವರೆ ಕಿ.ಮೀ. ಎತ್ತರದಲ್ಲಿದೆ, ಓಝೋನ್ ಹೆಚ್ಚಾಗಿರುವುದು 20ರಿಂದ 30 ಕಿ.ಮೀ. ಎತ್ತರದಲ್ಲಿ. ಮಳೆ ಬರುವಾಗ ಕುರ್ಚಿ ಮೇಲೆ ಹತ್ತಿ ನಿಂತರೆ ನೆನೆಯುವುದು ತಪ್ಪುತ್ತದೆಯೇ? ಬಲೂನಿನಲ್ಲಿ 40 ಕಿ.ಮೀ. ಹೋದರೆ ಓಝೋನಿನ ಬಹುಪಾಲು ಕೆಳಗುಳಿಯುತ್ತದೆ, ಒಪ್ಪಿದೆ. ಆದರೆ 180ರ ಕೆಳಗಿನ ಬೆಳಕಿಗೆ ಓಝೋನ್ ಒಂದೇ ಶತ್ರು ಅಲ್ಲ, ನಾವು ಉಸಿರಾಡುವ ಆಕ್ಸಿಜನ್ನೇ ಅದನ್ನು ನುಂಗುತ್ತದೆ, ಅದು ಇನ್ನೂ ಎಷ್ಟೋ ಮೇಲಿನವರೆಗೆ ಇದೆ. ಅದಕ್ಕೇ ರಾಕೆಟ್ ಬರುವವರೆಗೆ ಸೂರ್ಯನ ಯುವಿ ಕೂಡ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. 1946ರಲ್ಲಿ ಅಮೆರಿಕದವರು ಯುದ್ಧದಲ್ಲಿ ಕೈಗೆ ಸಿಕ್ಕ ಜರ್ಮನಿಯ ವಿ-2 ರಾಕೆಟ್ಟಿನ ಬಾಲದಲ್ಲಿ ಯಂತ್ರ ಕಟ್ಟಿ ಹಾರಿಸಿದಾಗಲೇ ಮೊದಲ ಸಲ ಅದು ದಾಖಲಾಗಿದ್ದು.

ನಿಜ ಹೇಳಬೇಕೆಂದರೆ ಮೇಲೆ ಹೋದ ಮೇಲೂ ಪೂರ್ತಿ ಬಿಡುಗಡೆ ಇಲ್ಲ. 1972ರಲ್ಲಿ ಅಪೋಲೋ 16ರವರು ಚಂದ್ರನ ಮೇಲೆ ಒಂದು ದೂರ ಅತಿನೇರಳೆ ಕ್ಯಾಮೆರಾ ಇಟ್ಟರು, ಜಾರ್ಜ್ ಕ್ಯಾರುಥರ್ಸ್ ಅನ್ನುವ ವಿಜ್ಞಾನಿ ಮಾಡಿದ್ದು, ಮೈಯೆಲ್ಲ ಚಿನ್ನದ ಲೇಪ. ಅದನ್ನು ಭೂಮಿ ಕಡೆ ತಿರುಗಿಸಿ ತೆಗೆದ ಚಿತ್ರದಲ್ಲಿ ಭೂಮಿಯ ಸುತ್ತ ಹೈಡ್ರೋಜನ್ನಿನ ದೊಡ್ಡ ಪ್ರಭಾವಳಿ. ದೇವರ ಫೋಟೋ ಥರ! ಯುವಿಟ್ ಸುತ್ತುವ 650 ಕಿ.ಮೀ. ಎತ್ತರ ಆ ಪ್ರಭಾವಳಿಯ ಒಳಗೇ ಬರುತ್ತದೆ. ಹಗಲಲ್ಲಿ ಅದು ಜಾಸ್ತಿ ಮಿನುಗುತ್ತದೆ, ಅದಕ್ಕೆ ಉಪಗ್ರಹ ಭೂಮಿಯ ನೆರಳಿನ ಕಡೆ ಇದ್ದಾಗ ಮಾತ್ರ ಯುವಿಟ್ ಕಣ್ಣು ತೆರೆದು ಕೆಲಸ ಮಾಡುವುದು. ಒಂದು ಸುತ್ತು ಸುಮಾರು ಒಂದೂವರೆ ಗಂಟೆ, ಅದರಲ್ಲಿ ಕೆಲಸಕ್ಕೆ ಸಿಗುವುದು ಅರ್ಧ ಗಂಟೆಯೂ ಇರಲ್ಲ.

ಕ್ಯಾರುಥರ್ಸ್ ಕ್ಯಾಮೆರಾ ಈಗಲೂ ಚಂದ್ರನ ಮೇಲೇ ಇದೆ. ಫಿಲ್ಮ್ ಮಾತ್ರ ತಂದರು.

---

ಲೇಪನದವನು:

ಕನ್ನಡಿ ಮಾತು ಬಂತಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ನಾನು ಮೂವತ್ತು ವರ್ಷ ನಿರ್ವಾತ ಲೇಪನದ (ಗಾಳಿ ತೆಗೆದ ಪೆಟ್ಟಿಗೆಯೊಳಗೆ ಲೇಪ ಹಾಕುವ) ಕೆಲಸ ಮಾಡಿ ಈಗ ಮನೆಯಲ್ಲಿದ್ದೇನೆ. ಆಸ್ಟ್ರೋಸ್ಯಾಟ್‌ಗೆ ನಾನು ಕೆಲಸ ಮಾಡಿಲ್ಲ, ಬೇರೆ ಕಡೆ ಚಿಕ್ಕ ಪುಟ್ಟ ಯುವಿ ಕನ್ನಡಿಗಳಿಗೆ ಲೇಪ ಹಾಕಿದ್ದೇನೆ. ಅದಕ್ಕೇ ಅನುಮಾನಿ ಅವರ "ಹವ್ಯಾಸಿಗಳ ಹತ್ತಿರವೇ ಇದೆ" ಅನ್ನುವ ಮಾತು ಓದಿ ಸುಮ್ಮನಿರೋಕಾಗಲಿಲ್ಲ. ಅಳತೆ ಇರಬಹುದು ಸ್ವಾಮಿ, ಆ ಕನ್ನಡಿ ಇಲ್ಲ.

ಹವ್ಯಾಸಿ ಕನ್ನಡಿಗೆ ಅಲ್ಯೂಮಿನಿಯಂ ಲೇಪ ಹಾಕುತ್ತಾರೆ, ಮೇಲೆ ಒಂದು ರಕ್ಷಣೆಯ ಪದರ. ಮಾಮೂಲಿ ಬೆಳಕಿಗೆ ಅಷ್ಟು ಸಾಕು. ಬೆಳ್ಳಿ, ಚಿನ್ನ ಯುವಿಗೆ ಕೆಲಸಕ್ಕೇ ಬರಲ್ಲ. ಜೇಮ್ಸ್ ವೆಬ್ ಬಾಹ್ಯಾಕಾಶ ದೂರದರ್ಶಕದ ಕನ್ನಡಿಗೆ ಚಿನ್ನದ ಲೇಪ, ಅದು ಅವಗೆಂಪಿಗೆ ಭೇಷ್, ಯುವಿಯಲ್ಲಿ ಕುರುಡು. ಉಳಿದದ್ದು ಅಲ್ಯೂಮಿನಿಯಂ. ಅದರ ಕಷ್ಟ ಏನೆಂದರೆ ಗಾಳಿ ಸೋಕಿದ ಕ್ಷಣಕ್ಕೇ ಮೇಲೆ ಆಕ್ಸೈಡಿನ ತೆಳು ಪೊರೆ ಕಟ್ಟುತ್ತದೆ. ಕಣ್ಣಿಗೆ ಕನ್ನಡಿ ಪಳಪಳ ಅನ್ನುತ್ತಲೇ ಇರುತ್ತದೆ, ದೂರ ಅತಿನೇರಳೆಗೆ ಮಾತ್ರ ಮಸಿ ಬಳಿದ ಹಾಗೆ. ಹಾಗಾಗಿ ಅಲ್ಯೂಮಿನಿಯಂ ಕೂತ ತಕ್ಷಣ, ಅದೇ ನಿರ್ವಾತದಲ್ಲಿ, ಬಾಗಿಲು ತೆಗೆಯದೆ, ಅದರ ಮೇಲೆ ಮೆಗ್ನೀಷಿಯಂ ಫ್ಲೋರೈಡ್ ಕೂರಿಸಬೇಕು. ದಪ್ಪ ಇಪ್ಪತ್ತೈದು ನ್ಯಾನೋಮೀಟರ್ ಆಸುಪಾಸು. ನಡುವೆ ಸ್ವಲ್ಪ ತಡವಾಯಿತೋ, ಆ ದಿನದ ಕೆಲಸ ತೊಳೆದುಹೋಯಿತು.

ನನ್ನ ಅನುಭವ ಒಂದು ಹೇಳುತ್ತೇನೆ. ಒಂದು ಸಲ ಎಂಟು ಚಿಕ್ಕ ಕನ್ನಡಿ ಮಾಡಿದೆವು. ನೋಡೋಕೆ ಒಂದಕ್ಕಿಂತ ಒಂದು ಚಂದ. ಅಳೆಯುವ ಯಂತ್ರಕ್ಕೆ ಹಾಕಿದರೆ 160 ನ್ಯಾನೋಮೀಟರಿನಲ್ಲಿ ಬೆಳಕು ಅರ್ಧಕ್ಕರ್ಧ ಮಾಯ. ಎಂಟೂ ಹಾಗೇ. ಮೂರು ದಿನ ಒಬ್ಬರ ಮೇಲೊಬ್ಬರು ಗೂಬೆ ಕೂರಿಸಿದ್ದಾಯಿತು. ಕೊನೆಗೆ ನೋಡಿದರೆ ಪಂಪಿನ ಎಣ್ಣೆಯ ಆವಿ, ಕಣ್ಣಿಗೆ ಕಾಣದಷ್ಟು, ಮೂಗಿಗೂ ಬಡಿಯದಷ್ಟು, ಹಿಂದಕ್ಕೆ ನುಗ್ಗಿ ಕನ್ನಡಿ ಮೇಲೆ ಕೂತಿತ್ತು. ಅಂದಿನಿಂದ ನಮ್ಮ ಸಾಹೇಬರು ತಲೆಗೆ ಎಣ್ಣೆ ಹಚ್ಚಿಕೊಂಡು ಬಂದವರನ್ನು ಒಳಗೇ ಬಿಡುತ್ತಿರಲಿಲ್ಲ. ನನ್ನ ಹೆಂಡತಿ ಇವತ್ತಿಗೂ ಅದನ್ನು ಹೇಳಿ ಆಡಿಕೊಳ್ಳುತ್ತಾಳೆ.

ಯುವಿಟ್ ಜೋಡಣೆ ಆದದ್ದು ಇಲ್ಲೇ, ಹೊಸಕೋಟೆಯಲ್ಲಿ. ಕೋರಮಂಗಲದ ಭಾರತೀಯ ಖಗೋಳ ಭೌತ ವಿಜ್ಞಾನ ಸಂಸ್ಥೆಯದು ಅಲ್ಲೊಂದು ಆವರಣ ಇದೆ, ಅಲ್ಲಿ ಎಂ.ಜಿ.ಕೆ. ಮೆನನ್ ಹೆಸರಿನ ಪ್ರಯೋಗಾಲಯ. ಅನುಮಾನಿ ಅವರು ಹೇಳಿದ ಹಾನ್ಲೆ ದೂರದರ್ಶಕವನ್ನೂ ಇದೇ ಆವರಣದಿಂದಲೇ ನಡೆಸುತ್ತಾರೆ, ಲಡಾಖಿಗೆ ಯಾರೂ ಓಡಬೇಕಿಲ್ಲ. ಯುವಿಟ್‌ನ ಒಳಗೆ ಧೂಳು, ಆವಿ ಕೂರಬಾರದು ಅಂತ ಶುದ್ಧ ನೈಟ್ರೋಜನ್ ಹಾಯಿಸುತ್ತಲೇ ಇದ್ದರು. ಉಡಾವಣೆ ಸೆಪ್ಟೆಂಬರ್ 28ಕ್ಕೆ ಆಯಿತಲ್ಲ, ದೂರದರ್ಶಕದ ಮುಚ್ಚಳ ತೆಗೆದದ್ದು ನವೆಂಬರ್ 30ಕ್ಕೆ. ಎರಡು ತಿಂಗಳು ಸುಮ್ಮನೆ ಕಾದರು! ಯಾಕೆಂದರೆ ಉಪಗ್ರಹದ ಅಂಟು, ಬಣ್ಣ, ತಂತಿಯ ಹೊದಿಕೆ ಎಲ್ಲದರಿಂದ ಮೊದಮೊದಲು ಆವಿ ಬರುತ್ತಿರುತ್ತದೆ. ಆಗಲೇ ಮುಚ್ಚಳ ತೆಗೆದರೆ ಅದೆಲ್ಲ ಕನ್ನಡಿ ಮೇಲೆ ಕೂರುತ್ತದೆ, ಮೇಲೆ ಬಿಸಿಲಿನ ಯುವಿ ಬಿದ್ದರೆ ಬಾಣಲೆಯ ಜಿಡ್ಡಿನ ಹಾಗೆ ಅಲ್ಲೇ ಹತ್ತಿಕೊಳ್ಳುತ್ತದೆ. ತೊಳೆಯೋಕೆ ಯಾರು ಹೋಗುತ್ತಾರೆ?

ಕ್ಯಾಮೆರಾ ಫಿಲ್ಟರ್ ಬಗ್ಗೆಯೂ ಒಂದು ಮಾತು. ಕೋಟೆನಾಡು ಅವರೇ, ಫಿಲ್ಟರ್ ತೆಗೆದರೂ ನಿಮ್ಮ ಕ್ಯಾಮೆರಾದ ಗಾಜೇ ಯುವಿಯನ್ನು ತಡೆಯುತ್ತದೆ. ಮನೆಯಲ್ಲಿ ಯುವಿ ಇರುವ ವಾಟರ್ ಫಿಲ್ಟರ್ ಇದ್ದರೆ ಅದರೊಳಗಿನ ದೀಪ 254 ನ್ಯಾನೋಮೀಟರಿನದು, ಕೊಳವೆ ಕ್ವಾರ್ಟ್ಸ್‌ನದು. ಮಾಮೂಲಿ ಗಾಜಾಗಿದ್ದರೆ ಆ ಬೆಳಕು ಹೊರಗೇ ಬರುತ್ತಿರಲಿಲ್ಲ, ನೀರಿನ ಕ್ರಿಮಿ ಹಾಯಾಗಿರುತ್ತಿದ್ದವು. (ಬಿಚ್ಚಿ ನೋಡಬೇಡಿ, ಕಣ್ಣು ಹೋಗುತ್ತದೆ. ಹುಡುಗಿಗೂ ಹೇಳಿ.) ಇನ್ನೂ ಕೆಳಗಿನ ತರಂಗಕ್ಕೆ ಕ್ವಾರ್ಟ್ಸೂ ಸಾಲದು. ಯುವಿಟ್‌ನ ಫಿಲ್ಟರುಗಳು ಕ್ಯಾಲ್ಸಿಯಂ ಫ್ಲೋರೈಡು, ಬೇರಿಯಂ ಫ್ಲೋರೈಡು, ನೀಲಮಣಿ, ಸಿಲಿಕಾ. ಒಂದೊಂದೂ ಒಂದೊಂದು ಕಡೆ ಬೆಳಕನ್ನು ಕತ್ತರಿಸುತ್ತದೆ, ಅದನ್ನೇ ಉಪಯೋಗ ಮಾಡಿಕೊಂಡಿದ್ದಾರೆ.

---

ಎರಡನೇ ವರ್ಷದ ಎಂಎಸ್ಸಿ:

ಲೇಪನದವನು ಸರ್, ನಮ್ಮ ಕ್ಲಾಸಲ್ಲಿ ಇದನ್ನು ಯಾರೂ ಹೀಗೆ ಹೇಳಿರಲಿಲ್ಲ.

ಹಬಲ್ ಪ್ರಶ್ನೆಗೆ ನಾನು ಕೈ ಹಾಕುತ್ತೇನೆ. ನನ್ನ ಪ್ರಾಜೆಕ್ಟ್ ಯುವಿಟ್ ದತ್ತಾಂಶದ ಮೇಲೇ ಇದೆ, ಹಾಗಾಗಿ ಸ್ವಲ್ಪ ಪಕ್ಷಪಾತ ಇದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಹಬಲ್ ಚಿತ್ರ ಯುವಿಟ್‌ಗಿಂತ ಎಷ್ಟೋ ಚೂಪು, ಅದರಲ್ಲಿ ವಾದವೇ ಇಲ್ಲ. ಆದರೆ ಹಬಲ್‌ನ ದೂರ ಅತಿನೇರಳೆ ಕ್ಯಾಮೆರಾ ಒಂದು ಸಲಕ್ಕೆ ನೋಡುವ ಆಕಾಶದ ತುಂಡು ಒಂದು ಆರ್ಕ್‌ಮಿನಿಟ್ (ಡಿಗ್ರಿಯ ಅರವತ್ತನೇ ಒಂದು ಭಾಗ) ಕೂಡ ಇಲ್ಲ. ಯುವಿಟ್‌ನದು 28 ಆರ್ಕ್‌ಮಿನಿಟ್, ಹೆಚ್ಚೂ ಕಡಿಮೆ ಹುಣ್ಣಿಮೆ ಚಂದ್ರನಷ್ಟು. ಇನ್ನೊಂದು ಕಡೆ ನಾಸಾದ ಗ್ಯಾಲೆಕ್ಸ್ ಅನ್ನುವ ಯುವಿ ದೂರದರ್ಶಕ ಇತ್ತು, 2003ರಲ್ಲಿ ಹೋಗಿ 2013ರವರೆಗೆ ಕೆಲಸ ಮಾಡಿತು. ಅದರ ಕನ್ನಡಿ 50 ಸೆಂ.ಮೀ., ನೋಟ ಒಂದು ಡಿಗ್ರಿಗಿಂತ ಅಗಲ, ಆಕಾಶದ ಬಹುಪಾಲು ಅದೇ ಗುಡಿಸಿ ಹಾಕಿತು. ಮೀರಾ ಅನ್ನುವ ನಕ್ಷತ್ರಕ್ಕೆ 13 ಜ್ಯೋತಿರ್ವರ್ಷ ಉದ್ದದ ಬಾಲ ಇರುವುದು ಗೊತ್ತಾದದ್ದು ಅದರಿಂದಲೇ, 2007ರಲ್ಲಿ. ನಾಲ್ಕು ನೂರು ವರ್ಷದಿಂದ ಜನ ನೋಡುತ್ತಿದ್ದ ನಕ್ಷತ್ರ, ಬಾಲ ಯಾರಿಗೂ ಕಂಡಿರಲಿಲ್ಲ, ಯಾಕೆಂದರೆ ಅದು ಯುವಿಯಲ್ಲಿ ಮಾತ್ರ ಹೊಳೆಯುತ್ತದೆ. ಆದರೆ ಗ್ಯಾಲೆಕ್ಸ್ ಚಿತ್ರ ಸ್ವಲ್ಪ ಮಸುಕು, ಸುಮಾರು 5 ಆರ್ಕ್‌ಸೆಕೆಂಡ್ (ಆರ್ಕ್‌ಮಿನಿಟಿನ ಅರವತ್ತನೇ ಒಂದು ಭಾಗ ಒಂದು ಆರ್ಕ್‌ಸೆಕೆಂಡ್). ಯುವಿಟ್ ಒಂದೂವರೆಗೆ ಇಳಿಸಿತು. ಗ್ಯಾಲೆಕ್ಸ್‌ಗೆ ಒಂದೇ ಚುಕ್ಕಿ ಅಂತ ಕಂಡದ್ದು ಯುವಿಟ್‌ನಲ್ಲಿ ಮೂರು ನಾಲ್ಕಾಗಿ ಬಿಡಿಸಿಕೊಳ್ಳುತ್ತದೆ.

ಈಗ ಮುಖ್ಯ ವಿಷಯ. ನಾವು ಯಾವಾಗಲೂ ಎಷ್ಟು ಬೆಳಕು ಹಿಡಿಯುತ್ತದೆ ಅಂತ ಕೇಳುತ್ತೇವೆ. ಹಿನ್ನೆಲೆ ಎಷ್ಟು ಕಪ್ಪಗಿದೆ ಅಂತ ಕೇಳಲ್ಲ. ಯುವಿಟ್‌ನ ದೂರ ಅತಿನೇರಳೆ ಸಂವೇದಕ ಒಂದೊಂದೇ ಫೋಟಾನ್ (ಬೆಳಕಿನ ಕಣ) ಎಣಿಸುತ್ತದೆ. ಮುಂಭಾಗದಲ್ಲಿ ಸೀಸಿಯಂ ಅಯೋಡೈಡಿನ ಪದರ, ಅದಕ್ಕೆ ನಮ್ಮ ಮಾಮೂಲಿ ಬೆಳಕು ಕಾಣುವುದೇ ಇಲ್ಲ. ಯುವಿ ಫೋಟಾನ್ ಬಿದ್ದರೆ ಮಾತ್ರ ಒಂದು ಎಲೆಕ್ಟ್ರಾನ್ ಬಿಡುತ್ತದೆ. ಅದು ಸಣ್ಣ ಸಣ್ಣ ಕೊಳವೆಗಳಿರುವ ಬಿಲ್ಲೆಯೊಳಗೆ ಗೋಡೆಗೆ ಬಡಿದು ಬಡಿದು ಲಕ್ಷಗಟ್ಟಲೆ ಆಗುತ್ತದೆ, ಹಿಂದಿನ ಪರದೆ ಮೇಲೆ ಒಂದು ಮಿಂಚು. ಆ ಮಿಂಚು ಎಲ್ಲಿ ಬಿತ್ತು ಅಂತ ಸೆಕೆಂಡಿಗೆ 29 ಸಲ ಬರೆದಿಟ್ಟುಕೊಳ್ಳುತ್ತದೆ. ಮಾಮೂಲಿ ಕ್ಯಾಮೆರಾದ ಹಾಗೆ ಪ್ರತಿ ಸಲ ಓದುವಾಗಲೂ ಸೇರುವ ಗದ್ದಲ ಇದರಲ್ಲಿಲ್ಲ. ದೂರ ಅತಿನೇರಳೆಯಲ್ಲಿ ಆಕಾಶವೂ ಗವ್ವೆನ್ನುವ ಕತ್ತಲು. ಇಂಥ ಕತ್ತಲಲ್ಲಿ ಹತ್ತು ಇಪ್ಪತ್ತು ಫೋಟಾನ್ ಬಂದರೂ ಸುದ್ದಿಯೇ. ಜಾತ್ರೆಯಲ್ಲಿ ಪಿಸುಮಾತು ಕೇಳಲ್ಲ, ಅಮಾವಾಸ್ಯೆ ರಾತ್ರಿ ತೋಟದಲ್ಲಿ ಎಲೆ ಬಿದ್ದರೂ ಕೇಳುತ್ತದೆ ಅಲ್ವಾ.

ಇದರ ಫಲ ಸಿಕ್ಕಿತು ಕೂಡ. 2016ರ ಅಕ್ಟೋಬರಿನಲ್ಲಿ ಹಬಲ್ ಹಿಂದೆ ಗಂಟೆಗಟ್ಟಲೆ ನೋಡಿದ್ದ ಒಂದು ಜಾಗವನ್ನೇ ಯುವಿಟ್ 28 ಗಂಟೆಗೂ ಹೆಚ್ಚು ದಿಟ್ಟಿಸಿತು. ಪುಣೆಯ ಐಯುಕಾ ಖಗೋಳ ಸಂಸ್ಥೆಯ ಕನಕ್ ಸಹಾ ಮತ್ತವರ ತಂಡ ಅದನ್ನು ಸುಮಾರು ಎರಡು ವರ್ಷ ಜಾಲಾಡಿ, ಒಂದು ಪುಟ್ಟ ಗ್ಯಾಲಕ್ಸಿಯಿಂದ ಯುವಿ ಬರುತ್ತಿದೆ ಅಂತ ಖಚಿತ ಮಾಡಿಕೊಂಡು 2020ರ ಆಗಸ್ಟಿನಲ್ಲಿ ಪ್ರಕಟಿಸಿತು. ಆ ಬೆಳಕು ಹೊರಟದ್ದು 930 ಕೋಟಿ ವರ್ಷದ ಹಿಂದೆ. ಹೊರಟಾಗ ಅದರ ತರಂಗಾಂತರ 60 ನ್ಯಾನೋಮೀಟರ್ ಆಸುಪಾಸು, ವಿಶ್ವ ಹಿಗ್ಗಿದ್ದರಿಂದ ದಾರಿಯಲ್ಲಿ ಉದ್ದವಾಗಿ ಯುವಿಟ್‌ನ ಕೈಗೆ ಸಿಕ್ಕಿತು. ಅಂಥ ಬೆಳಕನ್ನು ಸಾಮಾನ್ಯವಾಗಿ ಗ್ಯಾಲಕ್ಸಿಯ ಸ್ವಂತ ಹೈಡ್ರೋಜನ್ನೇ ತಿಂದುಹಾಕುತ್ತದೆ, ಇಲ್ಲಿ ಅದು ಹೇಗೋ ನುಸುಳಿ ಬಂದಿದೆ. ವಿಶ್ವದ ಎಳೆಗಾಲದಲ್ಲಿ ಎಲ್ಲೆಡೆ ಇದ್ದ ಹೈಡ್ರೋಜನ್ ಮಂಜನ್ನು ಸೀಳಿದ್ದು ಇಂಥ ಬೆಳಕೇ ಅಂತ ಎಣಿಕೆ, ಅದಕ್ಕೆ ಅಷ್ಟು ಬೆಲೆ. ಹಬಲ್‌ಗೆ ಯಾಕೆ ಸಿಗಲಿಲ್ಲ ಅಂದರೆ ಅದರ ಹಿನ್ನೆಲೆ ಗದ್ದಲ ಜಾಸ್ತಿ, ಅದರಲ್ಲಿ ಈ ಕೆಲವು ಫೋಟಾನ್ ಮುಳುಗಿಹೋಗುತ್ತಿದ್ದವು.

---

ಅನುಮಾನಿ:

ಇದು ಉತ್ತರ. ಒಪ್ಪಿದೆ. ಆದರೂ ಒಂದನ್ನು ಯಾರೂ ಹೇಳಲಿಲ್ಲ, ನಾನೇ ಹೇಳುತ್ತೇನೆ. ಯುವಿಟ್‌ನ ಹತ್ತಿರದ ಅತಿನೇರಳೆ ಕ್ಯಾಮೆರಾ 2018ರಲ್ಲೇ ಕೆಟ್ಟಿತು. ಹೊಗಳುವಾಗ ಅದನ್ನೂ ಬರೆಯಿರಿ.

---

ಎರಡನೇ ವರ್ಷದ ಎಂಎಸ್ಸಿ:

ಬರೆಯೋಣ, ಅದರಿಂದ ಏಟು ತಿಂದವನು ನಾನೇ. ಮೊದಲ ವಾರ 2019ರ ಒಂದು ವೀಕ್ಷಣೆ ಇಳಿಸಿಕೊಂಡು ಎರಡು ದಿನ ಹತ್ತಿರದ ಅತಿನೇರಳೆ ಫೈಲು ಹುಡುಕಿದ್ದೇನೆ. ಫೋಲ್ಡರಿನಲ್ಲಿಲ್ಲ, ಇಳಿಸುವಾಗ ತುಂಡಾಗಿರಬೇಕು ಅಂತ ಮತ್ತೆ ಇಳಿಸಿದೆ, ಹಾಸ್ಟೆಲ್ ವೈಫೈ ಪೂರ್ತಿ ನನ್ನದೇ. ಮೂರನೇ ದಿನ ಸೀನಿಯರ್ ಒಬ್ಬರು ದಿನಾಂಕ ನೋಡಿ "ಅಯ್ಯೋ, ಆ ಕಣ್ಣು ಹೋಗಿ ಒಂದು ವರ್ಷ ಆಗಿತ್ತಲ್ಲೋ ಆಗ" ಅಂದರು. ಆದರೆ ದೂರ ಅತಿನೇರಳೆಯದು ಆಮೇಲೂ ನಡೆಯಿತು. 5 ವರ್ಷಕ್ಕೆಂದು ಲೆಕ್ಕ ಹಾಕಿ ಕಳಿಸಿದ ಉಪಗ್ರಹ 10 ದಾಟಿತು.

ಕೋಟೆನಾಡು ಸರ್, ನಿಜವಾಗಿ ನಿಮಗೆ ಹೇಳಬೇಕೆಂದಿದ್ದು ಇದು. ಫಿಲ್ಟರ್ ಕೊಳ್ಳಬೇಡಿ. ಆಸ್ಟ್ರೋಸ್ಯಾಟ್ ದತ್ತಾಂಶ 2018ರಿಂದ ಎಲ್ಲರಿಗೂ ತೆರೆದಿದೆ. ಬೆಂಗಳೂರು ಹತ್ತಿರ ಬ್ಯಾಲಾಳು ಇದೆಯಲ್ಲ, ದೊಡ್ಡ ಬಿಳಿ ಆಂಟೆನಾ ಇರುವ ಊರು, ಅಲ್ಲಿನ ಇಸ್ರೋ ದತ್ತಾಂಶ ಕೇಂದ್ರದ ಆಸ್ಟ್ರೋಬ್ರೌಸ್ ತಾಣದಲ್ಲಿ ಹೆಸರು ನೋಂದಾಯಿಸಿದರೆ ಸಾಕು, ದುಡ್ಡಿಲ್ಲ. ಹೊಸ ವೀಕ್ಷಣೆಗಳು ಮೊದಲು ಕೇಳಿದ ವಿಜ್ಞಾನಿಗೆ ಮೀಸಲು, ಅವಧಿ ಮುಗಿದ ಮೇಲೆ ಸಾರ್ವಜನಿಕ. ಮೊದಲಿಗೆ ಎನ್‌ಜಿಸಿ 188 ತೆಗೆಯಿರಿ. ಯುವಿಟ್ ಮುಚ್ಚಳ ತೆಗೆದ ಮೇಲೆ ಮೊದಲು ನೋಡಿದ ನಕ್ಷತ್ರಗುಚ್ಛ ಅದು, ಧ್ರುವ ನಕ್ಷತ್ರದ ಹತ್ತಿರವೇ ಇದೆ. ವರ್ಷವಿಡೀ ನೋಡಬಹುದು ಅಂತಲೇ ಯಂತ್ರ ಸರಿಯಿದೆಯೇ ಅಂತ ಪರೀಕ್ಷಿಸೋಕೆ ಅದನ್ನು ಇಟ್ಟುಕೊಂಡಿದ್ದರು.

ಫೈಲು ಫಿಟ್ಸ್ ರೂಪದಲ್ಲಿರುತ್ತದೆ, ಫೋನಿನ ಗ್ಯಾಲರಿಯಲ್ಲಿ ತೆರೆಯಲ್ಲ. ಡಿಎಸ್9 ಅನ್ನುವ ಉಚಿತ ತಂತ್ರಾಂಶ ಹಾಕಿಕೊಳ್ಳಿ. ತೆರೆದ ಕೂಡಲೇ ಪೂರ್ತಿ ಕಪ್ಪು ಕಾಣುತ್ತದೆ, ಹೆದರಬೇಡಿ, ಕೆಟ್ಟಿಲ್ಲ. ಸ್ಕೇಲ್‌ನಲ್ಲಿ ಲಾಗ್ ಒತ್ತಿ, ಆಮೇಲೆ ಸ್ಮೂತ್ ಒತ್ತಿ. ಆಗ ಚುಕ್ಕಿಗಳು ಮೇಲೇಳುತ್ತವೆ.

---

ಕೋಟೆನಾಡು:

ಎಲ್ಲರಿಗೂ ದೊಡ್ಡ ನಮಸ್ಕಾರ. ಉತ್ತರ ತಡವಾಯಿತು, ಈರುಳ್ಳಿ ಕೊಯ್ಲು ನಡೀತಿತ್ತು.

ಟಾರ್ಚಿನ ಮೇಲೆ 395 ಅಂತಲೇ ಇತ್ತು. ಮಗಳು ಅದನ್ನು ತೋರಿಸಿ "ಹೊಸ್ತಿಲು" ಅಂತ ಅಣಕಿಸುತ್ತಾಳೆ. ನೋಂದಣಿ ಆಯಿತು. ಎನ್‌ಜಿಸಿ 188 ಇಳಿಸೋಕೆ ರಾತ್ರಿ ಪೂರ್ತಿ ಬೇಕಾಯಿತು, ನಮ್ಮೂರ ನೆಟ್ ಅಂಥದ್ದು. ಡಿಎಸ್9 ತೆರೆದರೆ ನೀವು ಹೇಳಿದ ಹಾಗೆ ಕಪ್ಪು. ಲಾಗ್ ಒತ್ತಿದೆ, ಸ್ಮೂತ್ ಒತ್ತಿದೆ. ಬಂತು! ದುಂಡಗೆ ಒಂದು ತಟ್ಟೆ, ಅದರಲ್ಲಿ ಅಲ್ಲೊಂದು ಇಲ್ಲೊಂದು ಚುಕ್ಕಿ. ಅದೇ ಗುಚ್ಛದ ಮಾಮೂಲಿ ಫೋಟೋ ಪಕ್ಕದಲ್ಲಿಟ್ಟುಕೊಂಡು ನೋಡಿದೆವು. ಅದರಲ್ಲಿ ರಾಗಿ ಚೆಲ್ಲಿದ ಹಾಗೆ ನಕ್ಷತ್ರ, ಇದರಲ್ಲಿ ಬೆರಳಲ್ಲಿ ಎಣಿಸಬಹುದು. ಮಗಳು ಪೆನ್ಸಿಲಿನಲ್ಲಿ ಗುರುತು ಹಾಕಿ ಯಾವುದು ಯಾವುದಕ್ಕೆ ಸೇರಿದ್ದು ಅಂತ ಜೋಡಿಸುತ್ತಿದ್ದಾಳೆ.

ಎರಡು ಪ್ರಶ್ನೆ ಹೊಸದಾಗಿ ಹುಟ್ಟಿವೆ. ಗುಚ್ಛ ತುಂಬಾ ಹಳೆಯದು ಅಂತ ಓದಿದೆವು. ಹಳೆಯದಾದರೆ ಬಿಸಿ ನಕ್ಷತ್ರಗಳೆಲ್ಲ ಸತ್ತಿರಬೇಕಲ್ಲ, ಇವು ಯಾಕೆ ಉಳಿದಿವೆ? ಇನ್ನೊಂದು, ನಮ್ಮದು ಕಪ್ಪು ಬಿಳುಪು ಬಂದಿದೆ, ಪತ್ರಿಕೆಯಲ್ಲಿ ನೀಲಿ ಹಳದಿ ಬರುತ್ತದಲ್ಲ, ಅದು ಸುಳ್ಳಾ?

---

ಎರಡನೇ ವರ್ಷದ ಎಂಎಸ್ಸಿ:

ಬಣ್ಣ ಸುಳ್ಳಲ್ಲ, ನಿಜವೂ ಅಲ್ಲ. ಕಾಣದ ಬೆಳಕಿಗೆ ನಾವು ಹಚ್ಚುವ ಬಣ್ಣ. ಸಾಮಾನ್ಯವಾಗಿ ದೂರದ್ದಕ್ಕೆ ನೀಲಿ, ಹತ್ತಿರದ್ದಕ್ಕೆ ಹಳದಿಯೋ ಕೆಂಪೋ ಕೊಟ್ಟು ಒಂದರ ಮೇಲೊಂದು ಇಡುತ್ತಾರೆ. ಡಿಎಸ್9ರಲ್ಲಿ ಆರ್‌ಜಿಬಿ ಫ್ರೇಮ್ ತೆಗೆದು ನೀವೂ ಹಚ್ಚಬಹುದು. ಎನ್‌ಜಿಸಿ 188 ಮೊದಲ ವರ್ಷಗಳದ್ದಾದರೆ ಎರಡೂ ಫೈಲು ಇರುತ್ತದೆ. ದಿನಾಂಕ ನೋಡಿಕೊಳ್ಳಿ!

ಮೊದಲ ಪ್ರಶ್ನೆಗೆ ಮಗಳಿಗೆ ಶಹಬ್ಬಾಸ್ ಹೇಳಿ, ಅದನ್ನೇ ಸಂಶೋಧಕರೂ ಕೇಳಿದ್ದು. ಆ ಗುಚ್ಛಕ್ಕೆ ಸುಮಾರು 700 ಕೋಟಿ ವರ್ಷ. ಅಷ್ಟು ವಯಸ್ಸಾದ ಮೇಲೂ ಕೆಲವು ನಕ್ಷತ್ರ ನೀಲಿಯಾಗಿ, ಹರೆಯದವರ ಹಾಗೆ ಓಡಾಡಿಕೊಂಡಿವೆ. ಅವು ಪಕ್ಕದ ಜೊತೆಗಾರನಿಂದ ಅನಿಲ ಹೀರಿ ಮೈ ತುಂಬಿಕೊಂಡವು ಅಂತ ಒಂದು ಊಹೆ ಇತ್ತು. ಕೋರಮಂಗಲದ ಸಂಸ್ಥೆಯ ಅನ್ನಪೂರ್ಣಿ ಸುಬ್ರಮಣಿಯಮ್ ಮತ್ತವರ ಜೊತೆಗಾರರು 2016ರಲ್ಲಿ ಯುವಿಟ್ ಚಿತ್ರದಿಂದಲೇ ಅಂಥ ಒಂದು ನಕ್ಷತ್ರದ ಪಕ್ಕ ಅಡಗಿದ್ದ ಬಿಸಿ ಜೊತೆಗಾರನನ್ನು ಹಿಡಿದರು. ಹೀರಿಸಿಕೊಂಡು ಹೊರಮೈ ಕಳೆದುಕೊಂಡ ಬಡಪಾಯಿ, ಒಳಗಿನ ಬಿಸಿ ತಿರುಳು ಮಾತ್ರ ಉಳಿದಿದೆ. ಮಾಮೂಲಿ ಬೆಳಕಿನಲ್ಲಿ ಹೀರಿದವನ ಹೊಳಪಿನಲ್ಲಿ ಅದು ಮುಚ್ಚಿಹೋಗುತ್ತದೆ, ದೂರ ಅತಿನೇರಳೆಯಲ್ಲಿ ಅದೇ ಎದ್ದು ಕಾಣುತ್ತದೆ.

ಆ ನಕ್ಷತ್ರದ ಹೆಸರು ಡಬ್ಲ್ಯೂಒಸಿಎಸ್ 5885. ಮಗಳು ಗುರುತು ಹಾಕಿದ ಚುಕ್ಕಿಗಳಲ್ಲಿ ಅದೂ ಇರಬೇಕು, ಹುಡುಕೋಕೆ ಹೇಳಿ.

---

ಕೋಟೆನಾಡು:

ಹೇಳಿದೆ. ಊಟಕ್ಕೆ ಕರೆದರೂ ಏಳುತ್ತಿಲ್ಲ. ಇದ್ದಕ್ಕಿದ್ದಂತೆ "ಅಪ್ಪ, ಹೀರಿಸಿಕೊಂಡವನು ಎಡಗಡೆಯವನಾ ಬಲಗಡೆಯವನಾ" ಅಂತ ಕೇಳಿದಳು. ಎರಡೂ ಸೇರಿ ಒಂದೇ ಚುಕ್ಕಿ ಕಾಣುತ್ತಿದೆ ಅಲ್ವಾ?

---

ಎರಡನೇ ವರ್ಷದ ಎಂಎಸ್ಸಿ:

ಹೌದು ಸರ್, ಒಂದೇ ಚುಕ್ಕಿ. ಬಿಡಿಸಿ ನೋಡೋಕೆ ಯುವಿಟ್‌ಗೂ ಆಗಲ್ಲ. ಬೇರೆ ಬೇರೆ ಫಿಲ್ಟರಿನಲ್ಲಿ ಎಷ್ಟೆಷ್ಟು ಹೊಳೆಯುತ್ತದೆ ಅಂತ ಅಳೆದು, ಒಬ್ಬನಿಂದಲೇ ಇಷ್ಟು ಬರೋಕೆ ಸಾಧ್ಯವಿಲ್ಲ, ಜೊತೆಗೆ ಇನ್ನೊಬ್ಬ ಇದ್ದಾನೆ ಅಂತ ಲೆಕ್ಕದಲ್ಲಿ ಹಿಡಿದದ್ದು. ಮೊದಲು ಊಟ ಮಾಡೋಕೆ ಹೇಳಿ.